ಬಲ್ಬಿನ ಡಬ್ಬಿ ಓದಿ ಕೊಳ್ಳಿ

ಸಂತೆಯಲ್ಲಿ ಗುಡ್ಡೆ ಹಾಕಿ ಮಾರೋ ಎಲ್‌ಇಡಿ ಬಲ್ಬು ಅಗ್ಗ ಅಂತ ತರ್ತೀವಿ. ಮಾಡಿದವನು ಯಾರು, ಎಲ್ಲಿಯವನು ಅಂತ ಎಷ್ಟೋ ಡಬ್ಬಿ ಮೇಲೆ ಇರೋದೇ ಇಲ್ಲ. ಕೆಟ್ಟರೆ ಯಾರನ್ನ ಕೇಳೋದು? ಹೆಸರು ವಿಳಾಸ ಹಾಕೋಕೆ ಹಿಂಜರಿಯೋ ಕಂಪನಿ ಮಾಲು ನನಗಂತೂ ಬೇಡ.

ಈ ಬಲ್ಬಿಗೆ ಐಎಸ್ 16102 ಗುರುತು, 'ಆರ್' ಅಕ್ಷರದ ನಂತರ 8 ಅಂಕಿಯ ನೋಂದಣಿ ಸಂಖ್ಯೆ ಕಡ್ಡಾಯ. ಸಂಖ್ಯೆ ಸುಳ್ಳೋ ನಿಜವೋ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಮಕ್ಕಳ ಕೈಲಿ ನೋಡಿಸಬಹುದು.

ಅಷ್ಟೇ ಸಾಲದು. ನಮ್ಮ ಹಳ್ಳಿ ಕರೆಂಟು ಪಂಪ್‌ಸೆಟ್ ಶುರುವಾದ್ರೆ ಕುಸಿಯುತ್ತೆ, ನಿಂತ್ರೆ ಜಿಗಿಯುತ್ತೆ. ಬಲ್ಬಿನೊಳಗಿನ ಡ್ರೈವರ್ ಸುಡೋದು ಇದರಿಂದಲೇ. ವ್ಯಾಟ್ ಒಂದನ್ನೇ ನೋಡಬೇಡಿ; 220-240 ಅಂತ ಬರೆದದ್ದಕ್ಕಿಂತ 100-300 ವೋಲ್ಟಿನದು ನಮಗೆ ವಾಸಿ. ಗ್ಯಾರಂಟಿ 2 ವರ್ಷ ಅಂತಾರೆ, ಬಿಲ್ ಮಾತ್ರ ಕೊಡಲ್ಲ. ತಾರೀಖು ಹಾಕಿಸಿ, ಕೇಳಿ ಇಸ್ಕೊಳ್ಳಿ.