ಗೆರೆಯ ಎರವಲು, ಹೆಸರಿನ ಕಳವು

ಮರದ ಮೈಮೇಲಿನ ಗೆರೆಗಳು ಆ ಮರವು ತನ್ನ ಕೈಯಾರೆ ಬರೆದಿಟ್ಟ ದಿನಚರಿ. ಮಳೆ ಸಮೃದ್ಧವಾಗಿ ಬಂದ ವರ್ಷದ ಉಂಗುರ ಅಗಲವಾಗಿರುತ್ತದೆ. ಬರಗಾಲದ ವರ್ಷದ್ದು ಕಿರಿದಾಗಿರುತ್ತದೆ. ಕೊಂಬೆಯೊಡೆದ ಜಾಗದಲ್ಲಿ ಗಂಟು ಉಳಿಯುತ್ತದೆ. ಗರಗಸ ಯಾವ ದಿಕ್ಕಿನಲ್ಲಿ ಹಾಯುತ್ತದೆಯೋ ಅದಕ್ಕೆ ತಕ್ಕಂತೆ ಅದೇ ದಿನಚರಿ ಒಮ್ಮೆ ನೆಟ್ಟಗಿನ ಎಳೆಗಳಾಗಿ, ಒಮ್ಮೆ ಬೆಟ್ಟದ ಸಾಲಿನಂತಹ ಕಮಾನುಗಳಾಗಿ ತೆರೆದುಕೊಳ್ಳುತ್ತದೆ. ಅನುಭವಿಯಾದ ಬಡಗಿ ಈ ಬರಹವನ್ನು ಓದಬಲ್ಲವನು. ಹಲಗೆ ಎಲ್ಲಿ ಬಾಗೀತು, ಎಲ್ಲಿ ಸೀಳೀತು, ಯಾವ ಭಾಗ ಕಾವು, ಯಾವ ಭಾಗ ಹೊರಗಿನ ಎಳಸು ಪದರ ಎಂಬುದೆಲ್ಲ ಅವನಿಗೆ ಗೆರೆಯಿಂದಲೇ ತಿಳಿಯುತ್ತದೆ.

ಇಂದು ಈ ಗೆರೆ ಮರದಿಂದ ಬೇರ್ಪಟ್ಟು ತಾನೇ ಒಂದು ಸರಕಾಗಿದೆ. ತೇಗದ ಗೆರೆ ತೇಗವಿಲ್ಲದೆ ದೊರೆಯುತ್ತದೆ. ಬೀಟೆಯ ಗೆರೆ ಬೀಟೆಯಿಲ್ಲದೆ ದೊರೆಯುತ್ತದೆ. ಹಗುರ ಬೆಲೆಯ ಹಲಗೆಯ ಮೇಲೆ ದುಬಾರಿ ಮರದ ಮುಖವನ್ನು ಅಚ್ಚೊತ್ತುವ ಯಂತ್ರಗಳು ಬಂದು ನೂರು ವರ್ಷಕ್ಕೂ ಮಿಗಿಲಾಯಿತು. ಇದನ್ನು ವಂಚನೆಯೆಂದು ಹಳಿಯುವವರಿದ್ದಾರೆ. ಬಡವರಿಗೆ ದೊರೆತ ವರವೆಂದು ಹೊಗಳುವವರೂ ಇದ್ದಾರೆ. ಎರಡು ಮಾತೂ ಅರ್ಧ ಸತ್ಯ. ಅನುಕರಣೆಯಲ್ಲಿ ದೋಷವಿಲ್ಲ, ಅನುಕರಣೆಯನ್ನು ಮೂಲದ ಹೆಸರಿನಿಂದ ಕರೆಯುವುದರಲ್ಲಿ ದೋಷವಿದೆ. ಈ ಭೇದವನ್ನು ಗುರುತಿಸಲು ಅಲಂಕಾರಶಾಸ್ತ್ರವನ್ನು ಓದಿದ ಕನ್ನಡ ಐಚ್ಛಿಕದ ವಿದ್ಯಾರ್ಥಿಗೆ ಮಿಕ್ಕವರಿಗಿಂತ ಹೆಚ್ಚಿನ ಅನುಕೂಲವಿದೆ.

ಮೊದಲು ಇತಿಹಾಸವನ್ನು ನೋಡಬೇಕು. ಮರದ ಗೆರೆಯನ್ನು ಬಣ್ಣದಿಂದ ಬರೆಯುವ ಕಲೆ ಯಂತ್ರಕ್ಕಿಂತ ಬಹಳ ಹಳೆಯದು. ಅದು ಬಡವರ ಮನೆಯಲ್ಲಿ ಹುಟ್ಟಿದ್ದೂ ಅಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಮೌಂಟ್ ವರ್ನನ್ ಭವನದ ಹೊರಗೋಡೆ ಕಲ್ಲಿನದೆಂದು ಕಾಣುತ್ತದೆ; ಅದು ಪೈನ್ ಮರದ ಹಲಗೆಗಳನ್ನು ಅಂಚು ಕೆತ್ತಿ ಜೋಡಿಸಿ, ಹಸಿ ಬಣ್ಣದ ಮೇಲೆ ಮರಳೆರಚಿ ಮಾಡಿದ್ದು. ಒಳಗಿನ ಹಜಾರದ ಮರಗೆಲಸಕ್ಕೆ ಮಹಾಗನಿಯ ಗೆರೆ ಬರೆಸಲಾಗಿದೆ. ಇಂಗ್ಲೆಂಡಿನಲ್ಲಿ ಥಾಮಸ್ ಕೆರ್ಶಾ ಎಂಬ ಕುಶಲಿ ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದನೆಂದರೆ, 1851ರ ಲಂಡನ್ ಮಹಾಪ್ರದರ್ಶನದಲ್ಲಿಯೂ 1855ರ ಪ್ಯಾರಿಸ್ ಪ್ರದರ್ಶನದಲ್ಲಿಯೂ ಅವನ ಕೈಕೆಲಸಕ್ಕೆ ಪುರಸ್ಕಾರ ಸಂದಿತು. ಕುಂಚ, ಹಣಿಗೆ, ಗರಿ, ಬಟ್ಟೆಯ ತುಂಡು ಇವೇ ಆ ಕುಶಲಿಗಳ ಸಲಕರಣೆಗಳು. ಅಂಥವನ ಕೂಲಿ ಅಗ್ಗವಾಗಿರಲಿಲ್ಲ. ಪ್ರತಿಯೊಂದು ಹಲಗೆಗೂ ಹೊಸ ಗೆರೆಯನ್ನು ಕಲ್ಪಿಸಿಕೊಳ್ಳುತ್ತಿದ್ದ ಆ ಕೈ ಒಂದು ಅರ್ಥದಲ್ಲಿ ಕವಿಯ ಕೈಯೇ ಆಗಿತ್ತು.

ಯಂತ್ರ ಬಂದದ್ದು 19ನೆಯ ಶತಮಾನದ ಕೊನೆಗೆ. ಆಗ ಅಮೆರಿಕದ ಮನೆಗಳಲ್ಲಿ ಓಕ್ ಮರದ ಪೀಠೋಪಕರಣಗಳ ಮೋಹ ಹಬ್ಬಿತ್ತು. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಪಟ್ಟಣ ಪೀಠೋಪಕರಣಗಳ ನಗರಿಯೆಂದೇ ಹೆಸರಾಗಿತ್ತು. ಓಕ್ ದಿಮ್ಮಿಯನ್ನು ಉದ್ದಕ್ಕೆ ನಾಲ್ಕು ಭಾಗವಾಗಿ ಸೀಳಿ, ಪ್ರತಿ ಭಾಗವನ್ನೂ ತಿರುಳಿನಿಂದ ತೊಗಟೆಯ ಕಡೆಗೆ ಹಾಯುವಂತೆ ಕೊಯ್ದರೆ ಹಲಗೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ಚಕ್ಕೆಗಳು ಮೂಡುತ್ತವೆ. ಹೀಗೆ ಕೊಯ್ಯುವಾಗ ಮರ ಹೆಚ್ಚು ಪೋಲಾಗುತ್ತದೆ, ದುಡಿಮೆಯೂ ಹೆಚ್ಚು. ಆದ್ದರಿಂದ ಬೆಲೆಯೂ ಹೆಚ್ಚು. ಈ ಹಲಗೆಗೆ ಇನ್ನೊಂದು ಗುಣವುಂಟು. ಹವೆ ಬದಲಾದಾಗ ಅದು ಸಾಧಾರಣ ಹಲಗೆಯಷ್ಟು ಬಾಗುವುದಿಲ್ಲ, ಹಿಗ್ಗುವುದಿಲ್ಲ. ಎಂದರೆ ಬೆಳ್ಳಿಯ ಚಕ್ಕೆ ಚೆಲುವಷ್ಟೇ ಆಗಿರದೆ ಒಂದು ಗುಣದ ಲಕ್ಷಣವೂ ಆಗಿತ್ತು.

ಯಂತ್ರ ಎರವಲು ಪಡೆದದ್ದು ಈ ಲಕ್ಷಣವನ್ನು. ಎಲ್ಮ್, ಬರ್ಚ್, ಆ್ಯಶ್ ಮುಂತಾದ ಅಗ್ಗದ ಮರಕ್ಕೆ ಮೊದಲು ತಳಬಣ್ಣ ಬಳಿಯುವುದು. ಓಕ್ ಮರದ ವಿನ್ಯಾಸವನ್ನು ಲೋಹದ ತಗಡಿನಲ್ಲಿ ಕೊರೆಯುವುದು. ಆ ಕೊರೆತದಲ್ಲಿ ನಿಂತ ಬಣ್ಣವನ್ನು ಮೆತ್ತನೆಯ ಉರುಳೆಗೆ ಹತ್ತಿಸಿ ಹಲಗೆಯ ಮೇಲೆ ಉರುಳಿಸುವುದು. ಕೊನೆಗೆ ವಾರ್ನಿಷ್ ಹೊಡೆಯುವುದು. ಮುದ್ರಣಾಲಯದ ತತ್ತ್ವವೇ ಬಡಗಿಯ ಅಂಗಳಕ್ಕೆ ಬಂದಿತು. ಕುಶಲಿ ಗಂಟೆಗಟ್ಟಲೆ ಬರೆಯುತ್ತಿದ್ದುದನ್ನು ಉರುಳೆ ಕ್ಷಣಗಳಲ್ಲಿ ಒತ್ತಿತು.

ಆದರೆ ಉರುಳೆಗೆ ಕಲ್ಪನೆಯಿಲ್ಲ. 30 ಸೆಂಟಿಮೀಟರ್ ವ್ಯಾಸದ ಉರುಳೆಯ ಸುತ್ತಳತೆ ಸುಮಾರು 94 ಸೆಂಟಿಮೀಟರ್. ಅದು ಒತ್ತಿದ ವಿನ್ಯಾಸ 94 ಸೆಂಟಿಮೀಟರಿಗೊಮ್ಮೆ ಅದೇ ಗಂಟು, ಅದೇ ಬಾಗು, ಅದೇ ಕಲೆಯೊಡನೆ ಮರಳಿ ಬರಲೇಬೇಕು. ನಿಸರ್ಗದಲ್ಲಿ ಎರಡು ಗಂಟುಗಳು ಒಂದೇ ಬಗೆಯಾಗಿರುವುದಿಲ್ಲ. ಹಾಗೆಯೇ ನಿಜವಾದ ಹಲಗೆಯಲ್ಲಿ ಮುಖದ ಮೇಲಿನ ಗೆರೆ ಅಂಚನ್ನು ದಾಟಿ ತುದಿಯ ಉಂಗುರಗಳೊಡನೆ ಕೂಡಿಕೊಳ್ಳುತ್ತದೆ. ಅಚ್ಚಿನ ಗೆರೆ ಅಂಚಿನಲ್ಲಿ ಥಟ್ಟನೆ ನಿಂತುಬಿಡುತ್ತದೆ. ಪರೀಕ್ಷಿಸಬಲ್ಲ ಕಣ್ಣಿಗೆ ಈ ಎರಡು ಗುರುತುಗಳು ಬಹುಕಾಲ ಸಾಕಾಗಿದ್ದವು.

ಮುಂದಿನ ಹೆಜ್ಜೆಯಲ್ಲಿ ಗೆರೆ ಮರವನ್ನೇ ಬಿಟ್ಟು ಕಾಗದಕ್ಕೆ ಹಾರಿತು. ಅಮೆರಿಕದಲ್ಲಿ 1913ರಲ್ಲಿ ಆರಂಭವಾದ ಫಾರ್ಮೈಕಾ ಸಂಸ್ಥೆಯ ಹಾಳೆ ಮೊದಲು ವಿದ್ಯುತ್ ನಿರೋಧಕವಾಗಿತ್ತು. ಅಭ್ರಕಕ್ಕೆ, ಎಂದರೆ ಮೈಕಾಕ್ಕೆ, ಬದಲಾಗಿ ಬಳಸುವ ವಸ್ತು ಎಂಬ ಅರ್ಥದಲ್ಲಿ ಆ ಹೆಸರು ಹುಟ್ಟಿತು. ರಾಳದಲ್ಲಿ ನೆನೆಸಿದ ಕಾಗದದ ಪದರಗಳನ್ನು ಶಾಖ ಮತ್ತು ಒತ್ತಡಗಳಲ್ಲಿ ಬೆಸೆದು, ಮೇಲಿನ ಕಾಗದದ ಮೇಲೆ ಮರದ ಗೆರೆ ಅಚ್ಚು ಮಾಡುವ ವಿಧಾನ ಅನಂತರ ಬೆಳೆಯಿತು. ಭಾರತದಲ್ಲಿ ಈ ಹಾಳೆಗೆ 'ಸನ್‌ಮೈಕಾ' ಎಂಬ ವ್ಯಾಪಾರನಾಮವೇ ಸಾಮಾನ್ಯ ನಾಮವಾಗಿ ನಿಂತಿದೆ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಬಡಗಿಗಳು ಹಾಗೆಯೇ ಕರೆಯುತ್ತಾರೆ. ಅಭ್ರಕದ ನೆನಪನ್ನು ಹೊತ್ತ ಹೆಸರು, ಕಾಗದದ ಒಡಲು, ಮರದ ಮುಖ: ಒಂದು ಮಿಲಿಮೀಟರ್ ದಪ್ಪದ ಹಾಳೆಯಲ್ಲಿ ಇಷ್ಟೊಂದು ಎರವಲುಗಳಿವೆ. ಈಗಂತೂ ಅಚ್ಚಿನ ಗೆರೆ ಹೋದಲ್ಲೆಲ್ಲ ಬೆರಳಿಗೆ ತಾಕುವ ತಗ್ಗುಗಳನ್ನೂ ಒತ್ತಲಾಗುತ್ತದೆ. ಕಣ್ಣು ಸೋತ ಮೇಲೆ ಬೆರಳಾದರೂ ಗೆಲ್ಲುತ್ತಿತ್ತು. ಈಗ ಅದೂ ಸೋಲುತ್ತಿದೆ.

ಇದೆಲ್ಲವನ್ನೂ ಬೇರುಸಹಿತ ನಿರಾಕರಿಸಿದವರಲ್ಲಿ ಜಾನ್ ರಸ್ಕಿನ್ ಪ್ರಮುಖ. 1849ರಲ್ಲಿ ಪ್ರಕಟವಾದ 'ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್' ಗ್ರಂಥದ ಸತ್ಯದೀಪದ ಅಧ್ಯಾಯದಲ್ಲಿ, ಒಂದು ವಸ್ತುವಿನ ಮೇಲ್ಮೈಗೆ ಇನ್ನೊಂದು ವಸ್ತುವಿನ ವೇಷ ತೊಡಿಸುವುದನ್ನು ಅವರು ಸುಳ್ಳೆಂದೇ ಕರೆದರು. ಆದರೆ ಅದೇ ರಸ್ಕಿನ್ ಒಂದು ವಿನಾಯಿತಿಯನ್ನೂ ಕೊಟ್ಟರು. ಕಟ್ಟಡದ ಮೇಲೆ ಬಳಿದ ಚಿನ್ನದ ಲೇಪ ಮೋಸವಲ್ಲ, ಏಕೆಂದರೆ ಇಡೀ ಕಟ್ಟಡ ಚಿನ್ನದ್ದೆಂದು ಯಾರೂ ತಿಳಿಯುವುದಿಲ್ಲ. ಒಡವೆಯ ಮೇಲಿನ ಲೇಪ ಮೋಸ, ಏಕೆಂದರೆ ಅಲ್ಲಿ ನೋಡುವವನು ಚಿನ್ನವೆಂದೇ ನಂಬುತ್ತಾನೆ. ರಸ್ಕಿನ್ನರ ಉಗ್ರ ನಿಲುವಿಗಿಂತ ಈ ವಿನಾಯಿತಿಯೇ ಹೆಚ್ಚು ಬೆಲೆಯುಳ್ಳದ್ದು. ಲೇಪ ಒಂದೇ, ನೋಡುವವನ ತಿಳಿವಳಿಕೆ ಬೇರೆಯಾದಾಗ ಅದರ ನೀತಿಯೂ ಬೇರೆಯಾಗುತ್ತದೆ.

ಭಾರತೀಯ ಕಾವ್ಯಮೀಮಾಂಸೆ ಇದಕ್ಕೆ ಎಂದೋ ಹೆಸರಿಟ್ಟಿದೆ. 'ಕವಿರಾಜಮಾರ್ಗ'ಕ್ಕೆ ಆಧಾರವಾದ 'ಕಾವ್ಯಾದರ್ಶ'ದಲ್ಲಿ ದಂಡಿ ಉಪಮೆಯನ್ನು ಹಲವು ಬಗೆಯಾಗಿ ವಿಂಗಡಿಸುತ್ತಾನೆ. ಹೋಲಿಕೆಯಿಂದ ಒಂದನ್ನು ಮತ್ತೊಂದೆಂದು ಭ್ರಮಿಸಿದರೆ ಮೋಹೋಪಮೆ. ಇದೋ ಅದೋ ಎಂದು ಮನಸ್ಸು ತೂಗಾಡಿದರೆ ಸಂಶಯೋಪಮೆ. ಹೋಲಿಕೆಯನ್ನು ಕಾಣಿಸಿಯೂ ವಸ್ತು ನಿಜವಾಗಿ ಯಾವುದೆಂದು ಹೇಳಿಬಿಟ್ಟರೆ ತತ್ತ್ವಾಖ್ಯಾನೋಪಮೆ. ಕಾವ್ಯದಲ್ಲಿ ಮೂರೂ ಸೊಗಸೇ. ಮೋಹೋಪಮೆಯಲ್ಲಿ ಮೋಸ ಹೋಗುವವನು ಕಾವ್ಯದೊಳಗಿನ ಪಾತ್ರ. ಓದುಗನಿಗೆ ನಿಜ ಗೊತ್ತಿರುತ್ತದೆ, ಆದ್ದರಿಂದಲೇ ಅವನಿಗೆ ರಸ ದೊರೆಯುತ್ತದೆ. ಅಂಗಡಿಯಲ್ಲಿ ಹಾಗಲ್ಲ. ಅಲ್ಲಿ ಮೋಸ ಹೋಗುವವನು ಹಣ ತೆತ್ತು ಸರಕು ಕೊಳ್ಳುವ ಗಿರಾಕಿಯೇ. ಆದ್ದರಿಂದ ಪೇಟೆಗೆ ತತ್ತ್ವಾಖ್ಯಾನೋಪಮೆಯೊಂದೇ ಒಪ್ಪುತ್ತದೆ: ತೇಗದಂತೆ ಕಾಣಿಸಲಿ, ತೇಗವಲ್ಲವೆಂದು ಹೇಳಲಿ.

ಅನುಕರಣೆಯ ಪರವಾಗಿ ಹೇಳಬೇಕಾದ ಮಾತುಗಳು ಬಲವಾಗಿಯೇ ಇವೆ. ತೇಗ ಬಲಿಯಲು ದಶಕಗಳು ಬೇಕು. ಪ್ರತಿ ಮನೆಯ ಬಾಗಿಲಿಗೂ ಕಪಾಟಿಗೂ ತೇಗವೇ ಬೇಕೆಂದರೆ ಉಳಿದಿರುವ ಕಾಡು ಸಾಲದು. ಕೈಮಗ್ಗದ ಅಥವಾ ಬೀಡಿಯ ದುಡಿಮೆಯಲ್ಲಿ ಉಳಿಸಿದ ಹಣದಿಂದ ಎರಡು ಕೋಣೆಯ ಮನೆ ಕಟ್ಟಿಕೊಂಡ ಕುಟುಂಬ ತನ್ನ ಬಾಗಿಲ ಮೇಲೆ ಚೆಂದದ ಗೆರೆಯನ್ನು ಬಯಸಿದರೆ ಅದರಲ್ಲಿ ನಗುವಂಥದ್ದೇನಿದೆ? ವಾಷಿಂಗ್ಟನ್ನರ ಹಜಾರದಲ್ಲಿ ಶೋಭಿಸಿದ್ದು ಆ ಬಾಗಿಲಿನಲ್ಲಿ ಅಭಿರುಚಿಹೀನವಾಗುವುದಿಲ್ಲ. ಸನ್‌ಮೈಕಾ ಕಂಡೊಡನೆ ಮೂಗು ಮುರಿಯುವ ಸುಶಿಕ್ಷಿತರು ಸತ್ಯವನ್ನು ಕಾಯುತ್ತಿರುವುದಕ್ಕಿಂತ ತಮ್ಮ ಅಂತಸ್ತನ್ನು ಕಾಯುತ್ತಿರುವುದೇ ಹೆಚ್ಚು.

ಕಾಣುವುದಕ್ಕೂ ಇರುವುದಕ್ಕೂ ನಡುವಿನ ಅಂತರ ಮಾತ್ರ ಅಲ್ಲಿಗೇ ಮುಗಿಯುವುದಿಲ್ಲ. ತೇಗದ ಕಾವಿನಲ್ಲಿ ಗೆದ್ದಲನ್ನೂ ತೇವವನ್ನೂ ತಡೆಯುವ ಸತ್ತ್ವವುಂಟು. ಅಚ್ಚಿನ ಗೆರೆಗೆ ಆ ಸತ್ತ್ವವಿಲ್ಲ. ತೇಗವೆಂದು ನಂಬಿ ಬಚ್ಚಲ ಬಾಗಿಲಿಗೆ ಅದನ್ನು ಹಾಕಿಸಿದವನ ಹಲಗೆ ಕೆಲವೇ ಮಳೆಗಾಲಗಳಲ್ಲಿ ಉಬ್ಬಿದರೆ, ಹಾಳಾಗುವುದು ಅಭಿರುಚಿಯಲ್ಲ, ಅವನ ಉಳಿತಾಯ. ಸಿರಿವಂತ ಇನ್ನೊಂದು ಬಾಗಿಲು ಕೂರಿಸಿಯಾನು. ಹೆಸರಿನ ಕಳವಿನಿಂದ ಹೆಚ್ಚು ನಷ್ಟವಾಗುವುದು ಅನುಕರಣೆ ಯಾರಿಗಾಗಿ ವರವೆನಿಸಿತೋ ಅವರಿಗೇ.

ಹೆಸರಿನ ಈ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಸಸ್ಯಶಾಸ್ತ್ರದ ಪ್ರಕಾರ ಹಳದಿ ಪೈನ್ ಗುಂಪಿಗೆ ಸೇರಿದ ಪಾಂಡೆರೋಸಾ ಮರವನ್ನು ಅಲ್ಲಿನ ವ್ಯಾಪಾರಿಗಳು 'ಕ್ಯಾಲಿಫೋರ್ನಿಯಾ ಬಿಳಿ ಪೈನ್' ಎಂದು ಮಾರುತ್ತಿದ್ದರು. ಬಿಳಿ ಪೈನಿಗೆ ಬೆಲೆ ಹೆಚ್ಚು. ಹೆಸರು ಬಹುಕಾಲದಿಂದ ರೂಢಿಯಲ್ಲಿದೆ, ಮರವೂ ಕಳಪೆಯಲ್ಲ ಎಂದು ಅವರು ವಾದಿಸಿದರು. 1934ರ ಆಲ್ಗೋಮಾ ಲಂಬರ್ ಪ್ರಕರಣದಲ್ಲಿ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಆ ವಾದವನ್ನು ತಳ್ಳಿಹಾಕಿದರು. ಬದಲಿ ವಸ್ತು ಅಷ್ಟೇ ಚೆನ್ನಾಗಿರಬಹುದು. ಆದರೂ ಕೊಳ್ಳುವವನು ಕೇಳಿದ್ದನ್ನೇ ಪಡೆಯಲು ಹಕ್ಕುಳ್ಳವನು, ಅವನ ಆಯ್ಕೆ ಕೇವಲ ಇಷ್ಟದ್ದಾಗಿದ್ದರೂ ಸರಿ ಎಂಬುದು ಆ ತೀರ್ಪಿನ ತಿರುಳು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಸರಕಿನ ಗುಣಮಟ್ಟ, ಪ್ರಮಾಣ, ಶುದ್ಧತೆ, ಬೆಲೆಗಳನ್ನು ತಿಳಿಯುವ ಹಕ್ಕನ್ನು ಕೊಳ್ಳುವವನಿಗೆ ಕೊಟ್ಟಿದೆ.

"ಅದು ಅಚ್ಚೆಂದು ಎಲ್ಲರಿಗೂ ಗೊತ್ತು, ಇನ್ನು ಹೇಳುವುದೇನು?" ಎಂದು ವ್ಯಾಪಾರಿ ಕೇಳಬಹುದು. ನಿಜ ತೇಗವನ್ನು ಮುಟ್ಟಿ ಬಲ್ಲವರಿಗೆ ಗೊತ್ತು. ವಾಡೆಯ ಕಂಬಗಳನ್ನು ಕಂಡು ಬೆಳೆದ ತಲೆಮಾರು ಸರಿಯುತ್ತಿದೆ. ಸಿಮೆಂಟಿನ ಮನೆಗಳಲ್ಲಿ ಹುಟ್ಟಿದ ತಲೆಮಾರಿಗೆ ತೇಗವೆಂದರೆ ಅಚ್ಚಿನ ತೇಗವೇ. ಕಣ್ಣಿನ ಅನುಭವ ಕುಂದಿದಷ್ಟೂ, ಯಂತ್ರದ ಜಾಣ್ಮೆ ಹೆಚ್ಚಿದಷ್ಟೂ, ಸತ್ಯವನ್ನು ಹೇಳುವ ಹೊಣೆ ಪೂರ್ತಿಯಾಗಿ ಮಾತಿನ ಮೇಲೆ ಬೀಳುತ್ತದೆ. ಆ ಮಾತೇ ಪೇಟೆಯಲ್ಲಿ ಜಾರುತ್ತಿದೆ. 'ಸಾಗುವಾನಿ ಫಿನಿಶ್' ಎಂಬಲ್ಲಿ 'ಸಾಗುವಾನಿ' ಎಂಬುದು ಗಟ್ಟಿಯಾಗಿ ಕೇಳಿಸುತ್ತದೆ, 'ಫಿನಿಶ್' ಎಂಬುದು ಗಂಟಲಲ್ಲೇ ಉಳಿಯುತ್ತದೆ. ಒಂದು ಶತಮಾನದ ಹಿಂದೆ ಸಿಯರ್ಸ್ ರೋಬಕ್ ಸಂಸ್ಥೆಯ ಅಂಚೆ ಮಾರಾಟದ ಪಟ್ಟಿಗಳಲ್ಲಿ ಇಂಥ ಸಾಮಾನಿನ ಮುಂದೆ ಓಕ್ ಮರದ ಅನುಕರಣೆ ಎಂದು ಬರೆದು ಮಾರಿದ್ದುಂಟು. ಹಾಗೆ ಬರೆದುದರಿಂದ ಮಾರಾಟವೇನೂ ನಿಲ್ಲಲಿಲ್ಲ. ಕಪಾಟಿನ ಬಿಲ್ಲಿನಲ್ಲಿ ಒಳಗಿನ ಹಲಗೆ ಯಾವುದು, ಮೇಲಿನ ಹಾಳೆ ಯಾವುದು ಎಂದು ಎರಡು ಸಾಲು ಬರೆದುಕೊಟ್ಟರೆ ಸಾಕು. ಬರೆಯಲು ಹಿಂಜರಿಯುವ ಅಂಗಡಿಯಿಂದ ಗಿರಾಕಿ ಹಿಂದಿರುಗುವುದು ಲೇಸು.

ಭಾಷೆಯನ್ನು ಓದುವವರಿಗೆ ಇಲ್ಲೊಂದು ಹೊಣೆಯಿದೆ. ಕೊಳ್ಳುವ ಹಿರಿಯರ ಜೊತೆ ಅಂಗಡಿಗೆ ಹೋಗುವ ವಿದ್ಯಾರ್ಥಿ, ಬೆಲೆಯನ್ನು ಕೇಳುವ ಮೊದಲು ಹೆಸರಿನ ಅರ್ಥವನ್ನು ಕೇಳಬಲ್ಲ. ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ, ಕನ್ನಡದಲ್ಲಿ ಹೇಳಿದ್ದನ್ನು ಮರಾಠಿಯಲ್ಲಿ ಬಿಡಿಸಿ ಹೇಳಬಲ್ಲ. ಅದೇ ವಿದ್ಯಾರ್ಥಿ ತನ್ನ ಉತ್ತರಪತ್ರಿಕೆಯತ್ತಲೂ ಒಮ್ಮೆ ನೋಡಿಕೊಳ್ಳಬೇಕು. ಮಾರ್ಗದರ್ಶಿ ಪುಸ್ತಕದ ವಾಕ್ಯಗಳು ಮೂವತ್ತು ಉತ್ತರಪತ್ರಿಕೆಗಳಲ್ಲಿ ಅದೇ ಗಂಟು, ಅದೇ ಬಾಗಿನೊಡನೆ ಮರಳಿ ಬಂದಾಗ ಪರೀಕ್ಷಕನಿಗೆ ಉರುಳೆಯ ಸುತ್ತಳತೆ ತಿಳಿದುಹೋಗುತ್ತದೆ. ಎರವಲು ತಂದ ವಿಚಾರವನ್ನು ಇಂಥವರದೆಂದು ಹೇಳಿ ಬರೆದರೆ ಅದು ಅಧ್ಯಯನ. ಹೇಳದೆ ಬರೆದರೆ ಅದು ಪ್ಲೈವುಡ್ಡಿನ ಮೇಲಿನ ತೇಗ.

ಬೇವು ಬೇವೆಂದೇ ಹೇಳಿಕೊಂಡು ನೂರಾರು ಮನೆಗಳ ತೊಲೆಯಾಗಿ ನಿಂತಿದೆ, ಜಾಲಿ ಜಾಲಿಯೆಂದೇ ಹೇಳಿಕೊಂಡು ಗಾಡಿ ನೇಗಿಲುಗಳಾಗಿ ದುಡಿದಿದೆ. ಅವು ಯಾವ ಮರದ ಹೆಸರನ್ನೂ ಕದಿಯಲಿಲ್ಲ. ಅಚ್ಚಿನ ಹಾಳೆಯೂ ತನ್ನ ಹೆಸರಿನಿಂದಲೇ ಮನೆಯೊಳಗೆ ಬರಲಿ. ಆಗ ಅದಕ್ಕೂ ಗೌರವದ ಜಾಗ ದೊರೆಯುತ್ತದೆ.