ಬರಿಗಾಲಲ್ಲಿ ಲಂಡನ್ನಿಗೆ ಹೋದ ಅಹ್ಮದ್ ಖಾನ್

ಉಗಾರ ಬುದ್ರುಕದಂಥ ಕೃಷ್ಣಾ ತೀರದ ಊರುಗಳಲ್ಲಿ ಮಕ್ಕಳ ನಾಲಿಗೆಯ ತುದಿಯಲ್ಲಿರುವುದು ಕ್ರಿಕೆಟ್ ಆಟಗಾರರ ಹೆಸರು. ಮಿರಜ್ ದಾಟಿ ಕೊಲ್ಲಾಪುರಕ್ಕೆ ಹೋದರೆ ಮಾತ್ರ ಗಾಳಿಯೇ ಬೇರೆ. ಅಲ್ಲಿ ಪೇಟೆಪೇಟೆಗೂ ಫುಟ್‌ಬಾಲ್ ತಂಡ. ಶಾಹು ಕ್ರೀಡಾಂಗಣದಲ್ಲಿ ಪಂದ್ಯವಿದ್ದರೆ ಓಣಿಗೆ ಓಣಿಯೇ ಖಾಲಿ. ಗಡಿಯ ಈಚೆ ನಿಂತು, ಒಲಿಂಪಿಕ್ಸ್‌ನಲ್ಲಿ ಗೋಲು ಹೊಡೆದ ನಮ್ಮ ನಾಡಿನವರು ಯಾರೆಂದು ಕೇಳಿ ನೋಡಿ. ಉತ್ತರ ಸಿಗುವುದು ಕಷ್ಟ. ಇಬ್ಬರಿದ್ದಾರೆ, ಇಬ್ಬರೂ ಬೆಂಗಳೂರಿನವರು.

ಅವರಲ್ಲೊಬ್ಬರು ಅಹ್ಮದ್ ಖಾನ್. 1926ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಫುಟ್‌ಬಾಲನ್ನೇ ಉಸಿರಾಡುತ್ತಿದ್ದ ಮನೆತನ. ಅವರ ಬಾಲ್ಯದಲ್ಲಿ ಊರಿಗೆ ದೊಡ್ಡ ಹೆಮ್ಮೆ ತಂದಿದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಬ್ರಿಟಿಷ್ ಸೇನೆಯ ತಂಡಗಳದ್ದೇ ದರ್ಬಾರು ಎನಿಸಿದ್ದ ಬೊಂಬಾಯಿಯ ರೋವರ್ಸ್ ಕಪ್ಪನ್ನು ಈ ತಂಡ 1937 ಮತ್ತು 1938ರಲ್ಲಿ ಸತತ ಎರಡು ಬಾರಿ ಗೆದ್ದು ತಂದಿತ್ತು. ಅಹ್ಮದ್ ಕೂಡ ಮುಂದೆ ಆ ತಂಡಕ್ಕೆ ಆಡಿದರು.

ಆಗ ಒಲಿಂಪಿಕ್ಸ್ ಎಂದರೆ ಹವ್ಯಾಸಿಗಳ ಕೂಟ. ಆಟಕ್ಕೆ ಸಂಬಳ ಪಡೆಯುವವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇಂಗ್ಲೆಂಡಿನ ವಿವಿಯನ್ ವುಡ್‌ವರ್ಡ್ ಇಂಥ ಹವ್ಯಾಸಿಗಳ ದೊರೆ. ವೃತ್ತಿಯಲ್ಲಿ ವಾಸ್ತುಶಿಲ್ಪಿ. ದೇಶಕ್ಕಾಗಿ 23 ಪಂದ್ಯಗಳಲ್ಲಿ 29 ಗೋಲು ಹೊಡೆದು, 1908 ಮತ್ತು 1912ರ ಒಲಿಂಪಿಕ್ಸ್‌ಗಳಲ್ಲಿ ಬ್ರಿಟನ್ನಿನ ನಾಯಕರಾಗಿ ಚಿನ್ನ ಗೆದ್ದರು. ಕೈಯಲ್ಲಿ ಒಳ್ಳೆಯ ಕಸುಬಿದ್ದವರಿಗೆ ಹವ್ಯಾಸ ಒಂದು ಶೋಭೆ. ನಮ್ಮ ಹುಡುಗರಿಗೆ ಹಾಗಲ್ಲ. ಆಟ ಹೊಟ್ಟೆ ತುಂಬಿಸುತ್ತದೆಯೇ ಎಂದು ನಮ್ಮ ತಾಯಂದಿರು ಇಂದಿಗೂ ಕೇಳುತ್ತಾರಲ್ಲ, ಆ ಪ್ರಶ್ನೆ ಆಗ ಇನ್ನೂ ಹರಿತವಾಗಿತ್ತು.

1948ರ ಜುಲೈ 31. ಲಂಡನ್ ಬಳಿಯ ಇಲ್ಫರ್ಡ್ ಮೈದಾನ. ಸ್ವತಂತ್ರ ಭಾರತದ ತಂಡಕ್ಕೆ ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬೂಟು ತೊಟ್ಟಿರಲಿಲ್ಲ. ಕೆಲವರ ಕಾಲಿಗೆ ಬರಿಯ ಪಟ್ಟಿ. ಅಹ್ಮದ್ ಮುಂಚೂಣಿಯ ಆಟಗಾರ. ಚೆಂಡು ಅವರ ಪಾದಕ್ಕೆ ಅಂಟಿಕೊಂಡಂತೆ ಸಾಗುತ್ತಿತ್ತು. ‘ಹಾವಾಡಿಗ’ ಎಂಬ ಹೆಸರು ಅವರಿಗೆ ಬಂದದ್ದು ಈ ಕಾಲ್ಚಳಕದಿಂದಲೇ. ಭಾರತದ ಗೋಲು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಸಿಕ್ಕಿಯೂ ಕೈತಪ್ಪಿದವು. ಪಂದ್ಯ ಮುಗಿಯಲು ನಿಮಿಷವಿರುವಾಗ ಫ್ರಾನ್ಸ್ ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತವರಿಗೇ ಚಪ್ಪಾಳೆ ಹೆಚ್ಚು ಬಿದ್ದ ಪಂದ್ಯವದು.

1949ರಲ್ಲಿ ಅಹ್ಮದ್ ಕಲಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್, ಈ ಐವರು ಮುಂಚೂಣಿಯಲ್ಲಿ. ಎಲ್ಲರೂ ದಕ್ಷಿಣದವರು, ಬಂಗಾಳಿ ಒಬ್ಬರೂ ಇಲ್ಲ. ಆದರೂ ಬಂಗಾಳದ ಜನ ಅವರಿಗೆ ಪ್ರೀತಿಯಿಂದ ಕೊಟ್ಟ ಹೆಸರು ‘ಪಂಚಪಾಂಡವರು’. ಆ ಐವರಲ್ಲಿ ಅಹ್ಮದ್ ಮತ್ತು ಸಾಲೆಯವರನ್ನು ಪಾಂಡವರೆಂದು ಕರೆಯಲು ಯಾರಿಗೂ ಮುಜುಗರವಾಗಲಿಲ್ಲ, ಕರೆಸಿಕೊಂಡವರಿಗೂ ಆಗಲಿಲ್ಲ! ತಂಡ 1949, 1950, 1951ರಲ್ಲಿ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದಿತು.

1950ರ ಬ್ರೆಜಿಲ್ ವಿಶ್ವಕಪ್ಪಿಗೆ ಭಾರತಕ್ಕೆ ಅವಕಾಶವಿತ್ತು, ಹೋಗಲಿಲ್ಲ. ಬರಿಗಾಲಿಗೆ ಅನುಮತಿ ಸಿಗದ್ದೇ ಕಾರಣ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಅಷ್ಟು ಸರಳವಾಗಿ ನಂಬುವಂಥದ್ದಲ್ಲ. ನಮ್ಮ ಫುಟ್‌ಬಾಲ್ ಸಂಸ್ಥೆಯವರ ಕಣ್ಣಿಗೆ ಆಗ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದಾಗಿ ಕಂಡಿರಲಿಲ್ಲ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಅಹ್ಮದ್ ಇದ್ದರು.

ಮರುವರ್ಷ ಹೆಲ್ಸಿಂಕಿ. ಯುಗೊಸ್ಲಾವಿಯಾದ ಎದುರು 10-1ರ ಸೋಲು. ಆ ಒಂದು ಗೋಲು ಅಹ್ಮದ್ ಅವರದ್ದು, ಅದೂ ಕೊನೆಯ ಗಳಿಗೆಯಲ್ಲಿ. ಹತ್ತು ಗೋಲು ತಿಂದ ಮೇಲೂ ಓಡುವುದನ್ನು ಬಿಡದವರಿಗೆ ಮಾತ್ರ ಸಿಗುವ ಗೋಲದು. ಆ ಪೆಟ್ಟಿನ ನಂತರವೇ ನಮ್ಮಲ್ಲಿ ಬೂಟು ಕಡ್ಡಾಯವಾಯಿತು.

ಈಸ್ಟ್ ಬೆಂಗಾಲ್‌ಗೆ ಹತ್ತು ವರ್ಷ ಆಡಿ ಅಹ್ಮದ್ 1959ರಲ್ಲಿ ನಿಲ್ಲಿಸಿದರು. ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ. ಅವರು 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸು ತೊಂಬತ್ತು. ಆರು ವರ್ಷಗಳ ಬಳಿಕ, 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿಹಿಡಿಯಿತು. ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ.