ಮಾಟಗಾತಿಗೆ ಗೂನು ಬೆನ್ನೇ ಬೇಕೆ?

ಕಳೆದ ವಾರ ಐದನೇ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ಅವಲೋಕಿಸುತ್ತಿದ್ದೆ. ಕಥೆ ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’. ಮಿಂಚುಪಟ್ಟಿಯಲ್ಲಿ ಮಾಟಗಾತಿ: ಗೂನು ಬೆನ್ನು, ಬೊಚ್ಚುಬಾಯಿ, ಕೈಯಲ್ಲಿ ಕೋಲು. ಹಿಂದಿನ ಸಾಲಿನ ಹುಡುಗ ಥಟ್ಟನೆ, “ನಮ್ಮ ಓಣ್ಯಾಗಿನ ಮುದುಕಿ ಹಿಂಗ ಅದಾಳ್ರೀ ಸರ” ಎಂದ. ತರಗತಿ ನಕ್ಕಿತು, ಪಾಠ ಮುಂದುವರಿಯಿತು.

ನನಗೆ ನಗು ಬರಲಿಲ್ಲ. ಭಾನಾಮತಿ ಮಾಡಿದಳೆಂದು ಒಂಟಿ ಹೆಂಗಸರ ಮೇಲೆ ಕೈಮಾಡಿದ ಸುದ್ದಿಗಳನ್ನು ಓದಿದವರು ನಾವು. ವಾಮಾಚಾರ, ಮಾಟದ ಹೆಸರಿನ ಕ್ರೌರ್ಯ ತಡೆಯಲು ರಾಜ್ಯದಲ್ಲಿ 2017ರ ಕಾಯ್ದೆಯೇ ಇದೆ.

ಮುದುಕಿ, ಊರುಗೋಲು ಮೂಲ ಕಥೆಯಲ್ಲೇ ಇವೆ, ನಿಜ. ಆದರೆ ಗ್ರಿಮ್ ಸಹೋದರರೇ ಆ ಕಥೆಯನ್ನು ತಿದ್ದಿದವರು. 1812ರ ಮೊದಲ ಮುದ್ರಣದಲ್ಲಿ ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರಲು ಹೇಳುವವಳು ಹೆತ್ತ ತಾಯಿ. ಮುಂದಿನ ಮುದ್ರಣಗಳಲ್ಲಿ ಅವಳು ಮಲತಾಯಿಯಾದಳು. (ಮಲತಾಯಂದಿರ ಪಾಡು ಇನ್ನೊಂದು ಲೇಖನಕ್ಕಾಗುವಷ್ಟಿದೆ.) ಅವರು ತೆಗೆದುಕೊಂಡ ಸ್ವಾತಂತ್ರ್ಯದಲ್ಲಿ ಚೂರು ನಮಗೂ ಇರಲಿ.

ಕಲಿಕೋಪಕರಣದಲ್ಲಿ ಅವಳ ಮುಖ ಬೇಡ. ತಿಂಡಿಯಿಂದ ಕಟ್ಟಿದ ಮನೆ, ಹ್ಯಾನ್ಸೆಲ್‌ನನ್ನು ಕೂಡಿಹಾಕಿದ ಬೋನು, ಉರಿಯುವ ಒಲೆ ಬರೆಯಿರಿ. ಅವಳು ಕೆಟ್ಟವಳೆಂದು ಯಾವುದರಿಂದ ಗೊತ್ತಾಯಿತು ಎಂದು ಕೇಳಿ. ಆ ಪ್ರಶಿಕ್ಷಣಾರ್ಥಿ ಪಾಠ ಯೋಜನೆಯನ್ನು ಹೀಗೆ ಬದಲಿಸಿಕೊಂಡಿದ್ದಾರೆ. ಸೋಮವಾರ ಅದೇ ತರಗತಿಗೆ ಮತ್ತೆ ಹೋಗುತ್ತಿದ್ದೇವೆ.